ಕಂದು ಮೊಟ್ಟೆಯೆಲ್ಲಾ ನಾಟಿಯಲ್ಲ

ಸಂತೆಯಲ್ಲಿ ಕಂದು ಮೊಟ್ಟೆ ಕಂಡರೆ ಸಾಕು, ನಾಟಿ ಕೋಳಿಯದು ಅಂತ ನಂಬಿ ಎರಡು ಪಟ್ಟು ದುಡ್ಡು ಕೊಟ್ಟುಬಿಡುತ್ತೇವೆ. ಕಷ್ಟಪಟ್ಟು ದುಡಿದ ಹಣ, ಸ್ವಲ್ಪ ಯೋಚಿಸೋಣ.

ಸಿಪ್ಪೆಯ ಬಣ್ಣ ಬರುವುದು ಕೋಳಿಯ ತಳಿಯಿಂದ. ಫಾರಂನಲ್ಲಿ ಕೂಡಿಹಾಕಿ ಸಾಕಿದರೂ ಕೆಲವು ತಳಿಗಳು ಕಂದು ಮೊಟ್ಟೆಯನ್ನೇ ಇಡುತ್ತವೆ. ಒಳಗಿನ ಹಳದಿ ಗಾಢವಾಗುವುದು ತಿಂದ ಸೊಪ್ಪು, ಮೆಕ್ಕೆಜೋಳದಿಂದ. ಫಾರಂ ಆಹಾರದಿಂದಲೂ ಆ ಬಣ್ಣ ಬರಿಸಬಹುದು.

ಹಾಗಾದರೆ ಕೊಳ್ಳುವುದು ಹೇಗೆ?

1. ಹಿತ್ತಲಲ್ಲಿ ಕೋಳಿ ಬಿಟ್ಟು ಸಾಕುವವರಿಂದಲೇ ಕೊಳ್ಳೋಣ. ನಮ್ಮ ಸಂಘದಲ್ಲೇ ಅಂಥವರಿದ್ದರೆ ಹಣವೂ ನಮ್ಮಲ್ಲೇ ಉಳಿಯುತ್ತದೆ.

2. ಪ್ಯಾಕೆಟ್ ಮೇಲೆ 'ಸಾವಯವ' ಎಂದಿದ್ದರೆ ಸಾವಯವ ದೃಢೀಕರಣದ ಮುದ್ರೆಯನ್ನೂ 14 ಅಂಕಿಯ ಎಫ್.ಎಸ್.ಎಸ್.ಎ.ಐ. ಪರವಾನಗಿ ಸಂಖ್ಯೆಯನ್ನೂ ಹುಡುಕೋಣ. ಬರೀ 'ನ್ಯಾಚುರಲ್', 'ಫಾರ್ಮ್ ಫ್ರೆಶ್' ಎಂಬ ಮಾತಿಗೆ ಹೆಚ್ಚಿನ ದುಡ್ಡು ಬೇಡ.

3. ಮೊಟ್ಟೆಯನ್ನು ನೀರಿಗೆ ಹಾಕಿ ನೋಡೋಣ. ಅಡ್ಡಲಾಗಿ ತಳದಲ್ಲಿ ಮಲಗಿದರೆ ತಾಜಾ, ತೇಲಿದರೆ ಹಳೆಯದು. ಇದರಿಂದ ನಾಟಿಯೋ ಫಾರಮ್ಮೋ ಗೊತ್ತಾಗದು.

ಮುಖ್ಯವಾದ ಮಾತು: ನಾಟಿ ಮೊಟ್ಟೆ ದುಬಾರಿ ಅಂತ ಮಕ್ಕಳಿಗೆ ಮೊಟ್ಟೆಯನ್ನೇ ನಿಲ್ಲಿಸಬಾರದು. ಸಾಧಾರಣ ಫಾರಂ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ನಾಟಿ ಮೊಟ್ಟೆ ಚಿಕ್ಕದಾದ್ದರಿಂದ ಅದರಲ್ಲಿ ಸ್ವಲ್ಪ ಕಡಿಮೆಯೇ. ಒಂದು ನಾಟಿ ಮೊಟ್ಟೆಯ ದುಡ್ಡಿಗೆ ಎರಡು ಫಾರಂ ಮೊಟ್ಟೆ ಸಿಕ್ಕರೆ ಇಬ್ಬರು ಮಕ್ಕಳಿಗೂ ಒಂದೊಂದು ಬೇಯಿಸಿ ಕೊಡಬಹುದು. ಕೋಳಿ ಓಡಾಡಿಕೊಂಡು ಬೆಳೆಯಲಿ ಎಂಬ ಮನಸ್ಸಿದ್ದು, ಕೈಯಲ್ಲಿ ಕಾಸೂ ಇದ್ದರೆ ನಾಟಿ ಕೊಳ್ಳೋಣ.

ಚರ್ಚೆಗೆ: ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿಗಳಿವೆ? ವಾರಕ್ಕೆ ಎಷ್ಟು ಮೊಟ್ಟೆ ಮಾರಬಹುದು?