ಮನಸ್ಸಿನ ಒತ್ತಡಕ್ಕೆ ಯೋಗದ ದಾರಿ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಯಿಂದ ಭಾನುವಾರ ಬೆಟ್ಟಕ್ಕೆ ಬರುವ ಭಕ್ತಾದಿಗಳನ್ನು ಮಾತನಾಡಿಸಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: "ಸ್ವಲ್ಪ ಮನಶ್ಶಾಂತಿ ಸಿಗಲಿ ಅಂತ ಬಂದ್ವಿ." ಅದರಲ್ಲಿ ಆಶ್ಚರ್ಯವೇನೂ ಇಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದ ಮೇಲ್ಸೇತುವೆ ದಾಟುವುದೇ ಒಂದು ತಪಸ್ಸಾಗಿದೆ. ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುವವನಿಗೆ ಸಾಲದ ಚಿಂತೆ, ಟೆಕ್ ಪಾರ್ಕಿನಲ್ಲಿ ಕೂತವನಿಗೆ ಕೆಲಸ ಉಳಿಯುತ್ತೋ ಇಲ್ಲವೋ ಎಂಬ ಚಿಂತೆ. ಮನೆಯಲ್ಲಿರುವ ಹೆಣ್ಣುಮಗಳಿಗೆ ಇವೆರಡೂ ಸೇರಿ, ಮೇಲೆ ಮಕ್ಕಳ ಫೀಸು.

ಒತ್ತಡ ಎಂದರೆ ಬರೀ ಮನಸ್ಸಿನ ಮಾತಲ್ಲ. ಹಿಂದೆ ಕಾಡಿನಲ್ಲಿ ಹುಲಿ ಎದುರಾದರೆ ಓಡಲು ಅಥವಾ ಹೋರಾಡಲು ದೇಹ ಸಿದ್ಧವಾಗುತ್ತಿತ್ತು. ಎದೆ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಬೇಗಬೇಗ ಆಡುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಈಗ ಹುಲಿ ಇಲ್ಲ. ಆದರೆ ಮೇಲಧಿಕಾರಿಯ ಫೋನು ಬಂದರೂ ದೇಹ ಹಾಗೇ ಸಿದ್ಧವಾಗುತ್ತದೆ. ಹುಲಿ ಹೋದ ಮೇಲೆ ದೇಹ ತಣ್ಣಗಾಗುತ್ತಿತ್ತು, ಫೋನು ಮಾತ್ರ ರಾತ್ರಿ ಹತ್ತಕ್ಕೂ ಬರುತ್ತದೆ!

ನಂದಿ ಬೆಟ್ಟಕ್ಕೆ ಹೋದವರು ಒಂದು ವಿಶೇಷವನ್ನು ಗಮನಿಸಿರಬಹುದು. ಬೆಟ್ಟದ ಕೆಳಗೆ ನಂದಿ ಗ್ರಾಮದಲ್ಲಿ, 9ನೇ ಶತಮಾನದಷ್ಟು ಹಳೆಯದಾದ ದೇವಾಲಯದಲ್ಲಿ ಭೋಗನಂದೀಶ್ವರ. ಮೇಲೆ, ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದ ಬೆಟ್ಟದಲ್ಲಿ ಯೋಗನಂದೀಶ್ವರ. ಕೆಳಗಿನವನು ಯೌವನದ, ಸಂಸಾರದ ಸ್ವಾಮಿ. ಮೇಲಿನವನು ಎಲ್ಲವನ್ನೂ ಬಿಟ್ಟು ಕುಳಿತ ವಿರಾಗಿ ಎಂಬುದು ನಂಬಿಕೆ. ಹಿರಿಯರು ಭೋಗವನ್ನು ಬೈಯಲಿಲ್ಲ, ಅದಕ್ಕೂ ಸೊಗಸಾದ ಗುಡಿ ಕಟ್ಟಿದರು. ಆದರೆ ಅಲ್ಲೇ ನಿಲ್ಲಬೇಡ, ಮೇಲಕ್ಕೂ ದಾರಿ ಇದೆ ಎಂದು ತೋರಿಸಿದರು.

ಇದೇ ಬೆಟ್ಟಕ್ಕೆ ಒತ್ತಡದಿಂದ ಬಳಲಿ ಬಂದವರಲ್ಲಿ ಮಹಾತ್ಮಾ ಗಾಂಧೀಜಿಯೂ ಒಬ್ಬರು. 1927ರ ಮಾರ್ಚ್‌ನಲ್ಲಿ ಖಾದಿ ಪ್ರವಾಸದ ನಡುವೆ ಕೊಲ್ಲಾಪುರದಲ್ಲಿ ಅವರ ಆರೋಗ್ಯ ಕುಸಿಯಿತು. ರಕ್ತದೊತ್ತಡ ಏರಿತ್ತು, ವೈದ್ಯರು ಪೂರ್ಣ ವಿಶ್ರಾಂತಿ ಬೇಕೆಂದರು. ಏಪ್ರಿಲ್‌ನಲ್ಲಿ ನಂದಿಗೆ ಬಂದು ಜೂನ್ ಮೊದಲ ವಾರದವರೆಗೆ ಇದ್ದರು. ಆ ದಿನಗಳಲ್ಲಿ ಲೋನಾವಳದ ಸ್ವಾಮಿ ಕುವಲಯಾನಂದರೊಂದಿಗೆ ಆಸನಗಳ ವಿಚಾರವಾಗಿ ಪತ್ರ ವ್ಯವಹಾರವನ್ನೂ ನಡೆಸಿದರು. ಕುವಲಯಾನಂದರು 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನೋಡಿದವರು. ದೇಶವನ್ನೇ ಹೊತ್ತಿದ್ದವರು ಕೂಡ ಕೆಲಸ ಬಿಟ್ಟು ಕೂರಬೇಕಾಯಿತು ಅಂದ ಮೇಲೆ, "ನನಗೆ ಪುರುಸೊತ್ತೇ ಇಲ್ಲ" ಎನ್ನುವವರು ಸ್ವಲ್ಪ ಯೋಚಿಸಬೇಕು.

ಯೋಗ ಎಂದರೆ ಮೈ ಬಾಗಿಸುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಪತಂಜಲಿ ಮಹರ್ಷಿಗಳು ಹೇಳಿದ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಅದಕ್ಕೂ ಮೊದಲು ಯಮ, ನಿಯಮ ಇವೆ. ಮನಸ್ಸು ತಿಳಿಯಾಗಲು ಅವರು ಹೇಳಿದ ಇನ್ನೊಂದು ಉಪಾಯ ಪೇಟೆಯವರಿಗೆ ಬಹಳ ಬೇಕಾದದ್ದು. ಸುಖವಾಗಿರುವವರಲ್ಲಿ ಮೈತ್ರಿ, ದುಃಖದಲ್ಲಿರುವವರಲ್ಲಿ ಕರುಣೆ, ಒಳ್ಳೆಯದು ಮಾಡುವವರಲ್ಲಿ ಸಂತೋಷ, ಕೆಟ್ಟದ್ದು ಮಾಡುವವರಲ್ಲಿ ಉಪೇಕ್ಷೆ. ಪಕ್ಕದ ಮನೆಯವರು ಹೊಸ ಕಾರು ತಂದರೆ ಮೈತ್ರಿ. ಮೇಖ್ರಿ ಸರ್ಕಲ್‌ನಲ್ಲಿ ಅಡ್ಡ ನುಗ್ಗಿದ ಬೈಕಿನವನಿಗೆ ಉಪೇಕ್ಷೆ. ಅವನು ಎರಡು ನಿಮಿಷದಲ್ಲಿ ಕಣ್ಮರೆಯಾಗುತ್ತಾನೆ, ಅವನ ಮೇಲಿನ ಸಿಟ್ಟನ್ನು ಮಾತ್ರ ನಾವು ಮನೆಯವರೆಗೂ ಹೊತ್ತುಕೊಂಡು ಹೋಗುತ್ತೇವೆ.

ಇನ್ನು ಉಸಿರು. ಎದೆ ಬಡಿತವನ್ನು ಬೇಕೆಂದಾಗ ಇಳಿಸಲು ಆಗುವುದಿಲ್ಲ, ಆದರೆ ಉಸಿರು ನಮ್ಮ ಕೈಯಲ್ಲಿದೆ. ಉಸಿರು ಒಳಗೆ ಹೋಗುವಾಗ ಬಡಿತ ತುಸು ಏರುತ್ತದೆ, ಹೊರಗೆ ಬರುವಾಗ ತುಸು ಇಳಿಯುತ್ತದೆ. ಆದ್ದರಿಂದ ಬಿಡುವ ಉಸಿರನ್ನು ಉದ್ದ ಮಾಡಿದರೆ ದೇಹಕ್ಕೆ "ಅಪಾಯವಿಲ್ಲ, ತಣ್ಣಗಾಗು" ಎಂಬ ಸೂಚನೆ ಹೋಗುತ್ತದೆ. ಬೆನ್ನು ನೆಟ್ಟಗೆ ಇಟ್ಟು ಕುಳಿತು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಹೊತ್ತು ಬಿಡಿ. ತಡೆದು ಹಿಡಿಯುವುದು ಬೇಡ. ಹೊಟ್ಟೆ ಮೆಲ್ಲಗೆ ಉಬ್ಬಿ ಇಳಿಯಲಿ. ಐದು ನಿಮಿಷ ಸಾಕು. ಭ್ರಾಮರಿಯಲ್ಲಿ ದುಂಬಿಯಂತೆ ಗುಂಯ್ ಎನ್ನುವಾಗ ಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಶವಾಸನ ಮಾಡಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಇದು ಬರೀ ನಂಬಿಕೆಯ ಮಾತೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತೀವ್ರ ಖಿನ್ನತೆಯಿದ್ದ 45 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ನಾಲ್ಕು ವಾರಗಳ ನಂತರ ಲಯಬದ್ಧ ಉಸಿರಾಟದ ಸುದರ್ಶನ ಕ್ರಿಯೆ ಮಾಡಿದವರಲ್ಲಿ ಶೇ. 67, ಮಾತ್ರೆ ತೆಗೆದುಕೊಂಡವರಲ್ಲಿ ಶೇ. 73, ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ. 93 ಮಂದಿ ಗುಣ ಕಂಡರು. ಉಸಿರಾಟ ಮಾತ್ರೆಯ ಹತ್ತಿರಕ್ಕೆ ಬಂತು ಎಂಬುದು ಸಣ್ಣ ಮಾತಲ್ಲ. ಆದರೆ ವಿದ್ಯುತ್ ಚಿಕಿತ್ಸೆಯೇ ಎಲ್ಲಕ್ಕಿಂತ ಮುಂದಿತ್ತು ಎಂಬುದನ್ನೂ ಮುಚ್ಚಿಡಬಾರದು. ಇದು ಚಿಕ್ಕ ಅಧ್ಯಯನ, ಅದೂ ವೈದ್ಯರ ಕಣ್ಣೆದುರೇ ನಡೆದದ್ದು.

ಹಾಗಾಗಿ ಯಾರೋ ಹೇಳಿದರು ಅಂತ ಬಿ.ಪಿ. ಮಾತ್ರೆಯನ್ನೋ ಮನೋರೋಗದ ಮಾತ್ರೆಯನ್ನೋ ನಿಲ್ಲಿಸಿ ಯೋಗಕ್ಕೆ ಕೂರಬಾರದು. ಬಿ.ಪಿ., ಹೃದ್ರೋಗ ಇರುವವರು ಮತ್ತು ಗರ್ಭಿಣಿಯರು ಕಪಾಲಭಾತಿ, ಭಸ್ತ್ರಿಕಾ ಮಾಡಬಾರದು, ಶೀರ್ಷಾಸನವೂ ಬೇಡ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಗ್ರಹಚಾರ ಎಂದು ಸುಮ್ಮನಿರದೆ ವೈದ್ಯರ ಹತ್ತಿರ ಹೋಗಬೇಕು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಅಭ್ಯಾಸವನ್ನು ಈ ಬೆಟ್ಟದಲ್ಲೇ ಶುರು ಮಾಡಬಹುದು. ಮೆಟ್ಟಿಲು ಹತ್ತುವಾಗ ಎರಡು ಮೆಟ್ಟಿಲಿಗೆ ಉಸಿರು ಒಳಗೆ, ಮೂರು ಮೆಟ್ಟಿಲಿಗೆ ಹೊರಗೆ. ಏದುಸಿರು ಬಂದರೆ ನಿಂತು, ನೀರು ಕುಡಿದು, ಆಮೇಲೆ ಹತ್ತಿ. ಮಂಡಿ ನೋವಿನವರಿಗೆ ಇಳಿಯುವಾಗಲೇ ಕಷ್ಟ ಜಾಸ್ತಿ, ಕೈಕಂಬಿ ಹಿಡಿದೇ ಇಳಿಯಬೇಕು. ದರ್ಶನವಾದ ಮೇಲೆ ತಕ್ಷಣ ಬಸ್ಸಿಗೆ ಓಡದೆ ಜಗಲಿಯ ಮೇಲೆ ಐದು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಮಕ್ಕಳು ಗಲಾಟೆ ಮಾಡುತ್ತಿದ್ದರೆ ಮಾಡಲಿ ಬಿಡಿ.