ಅಳಿಯ ರಾಮರಾಯನ ದೊರೆತನ

ಕೈಸರನೆಂಬ ಬಿರುದು ನಮ್ಮ ವಾಚಕರಿಗೆ ಸತ್ಯವೇದದಿಂದ ಪರಿಚಿತವಾದದ್ದೇ. ಔಗುಸ್ತ ಕೈಸರನು ರೋಮಾಪುರದ ಹಿರಿಯರ ಸಭೆಯನ್ನು ತೆಗೆದುಹಾಕದೆ, ಅದರ ಹೆಸರನ್ನೂ ಮರ್ಯಾದೆಯನ್ನೂ ಉಳಿಸಿ, ದಂಡನ್ನು ಮಾತ್ರ ತನ್ನ ಕೈಯಲ್ಲಿಟ್ಟುಕೊಂಡು ಏಕಾಧಿಪತಿಯಾದನು. ಹೊಸಪೇಟೆ ಕಂಪ್ಲಿಗಳ ಜನರು ಜಾತ್ರೆಗೆಂದು ನಡೆದುಹೋಗುವ ಹಂಪೆಯಲ್ಲಿಯೂ ಇಂಥದೇ ಆಳಿಕೆಯು ನಡೆದದ್ದುಂಟು.

ಕೃಷ್ಣದೇವರಾಯನ ಮಗಳನ್ನು ಮದುವೆಯಾದದ್ದರಿಂದ ರಾಮರಾಯನಿಗೆ ಅಳಿಯನೆಂಬ ಹೆಸರು ಬಂತು. ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡ ಮೇಲೆ ತಮ್ಮನಾದ ಅಚ್ಯುತರಾಯನು ಆಳಿದನು. ಈತನೂ 1542ರಲ್ಲಿ ಗತಿಸಲು, ಈತನ ಎಳೆಯ ಮಗನನ್ನು ಸಲಕರಾಜು ತಿರುಮಲನು ಕೊಲ್ಲಿಸಿ ಸಿಂಹಾಸನವನ್ನೇರಿದನು. ರಾಮರಾಯನು ಆ ಕ್ರೂರನನ್ನು ಸಂಹರಿಸಿ, ಅಚ್ಯುತರಾಯನ ಅಣ್ಣತಮ್ಮಂದಿರ ಮಗನಾದ ಸದಾಶಿವನಿಗೆ ಪಟ್ಟಕಟ್ಟಿಸಿದನು. ಇಷ್ಟರ ವರೆಗೆ ಆತನ ಮೇಲೆ ತಪ್ಪು ಹೊರಿಸಲಾರೆವು.

ಆದರೆ ಹುಡುಗನು ಬೆಳೆದರೂ ರಾಜ್ಯವು ಅವನ ಕೈಗೆ ಬರಲಿಲ್ಲ. ರಾಮರಾಯನು ಹಳೆಯ ಅಧಿಕಾರಿಗಳನ್ನು ಬಿಡಿಸಿ ತನ್ನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರನ್ನೂ ಬಂಧುಗಳನ್ನೂ ದೊಡ್ಡ ಪದವಿಗಳಲ್ಲಿಟ್ಟನು. 1556ರ ಒಂದು ತಾಮ್ರಶಾಸನವನ್ನು ನೋಡಿರಿ: ಕೊಂಡರಾಜನು ರಾಮರಾಯನನ್ನು ಬೇಡಿಕೊಂಡನು, ರಾಮರಾಯನು ಸದಾಶಿವರಾಯನಿಗೆ ಅರಿಕೆಮಾಡಿದನು, ರಾಯನು ದಾನಕೊಟ್ಟನು. ಓದಿದರೆ ರಾಯನೇ ಪ್ರಭುವೆಂದು ತೋರುತ್ತದೆ! ಈ ರಾಯನನ್ನು ಸೆರೆಯಲ್ಲಿಟ್ಟು ವರುಷಕ್ಕೊಂದಾವರ್ತಿ ಪ್ರಜೆಗಳಿಗೆ ತೋರಿಸುತ್ತಿದ್ದರೆಂದು ವೆನಿಸ್ ಪಟ್ಟಣದ ವರ್ತಕನಾದ ಫೆದೆರಿಚಿಯು ಬರೆದಿದ್ದಾನೆ.

ರಾಮರಾಯನು ಬುದ್ಧಿಹೀನನಲ್ಲ. ಕುದುರೆಗಳ ವ್ಯಾಪಾರಕ್ಕಾಗಿ 1547ರಲ್ಲಿ ಪೋರ್ತುಗೀಸರ ಸಂಗಡ ಒಡಂಬಡಿಕೆ ಮಾಡಿಕೊಂಡನು. ತನ್ನ ಮುಸಲ್ಮಾನ ಸಿಪಾಯಿಗಳು ಮನಸ್ಸಿಗೆ ವಿರೋಧವಿಲ್ಲದೆ ವಂದಿಸುವಂತೆ ತನ್ನ ಮುಂದೆ ಕುರಾನನ್ನು ಇಡಿಸುತ್ತಿದ್ದನೆಂದು ಹೇಳುತ್ತಾರೆ. ಉತ್ತರದ ಸುಲ್ತಾನರಲ್ಲಿ ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ಸಹಾಯಮಾಡಿ ಎಲ್ಲರನ್ನೂ ಅಂಕೆಯಲ್ಲಿಟ್ಟಿದ್ದನು. ಆದರೆ ತಡೆಯುವವರಿಲ್ಲದವನಿಗೆ ಎದುರಿನವನ ಮಾನವು ಕಾಣಿಸದೆ ಹೋಗುತ್ತದೆ. ರಾಮರಾಯನ ಮಗನು ಸತ್ತಾಗ ವಿಜಾಪುರದ ಆಲಿ ಆದಿಲಶಹನು ದುಃಖಶಮನಕ್ಕಾಗಿ ತಾನೇ ಬಂದನು. ರಾಮರಾಯನು ಅವನನ್ನು ಮಗನೆಂದು ಕರೆದು ಉಪಚರಿಸಿದರೂ ಹೊರಡುವಾಗ ನಾಲ್ಕು ಹೆಜ್ಜೆ ಕಳುಹಿಸಲಿಕ್ಕೆ ಹೋಗಲಿಲ್ಲ. ಅತಿಥಿಯು ಇದನ್ನು ಮರೆಯಲಿಲ್ಲವೆಂದು ಫೆರಿಷ್ತನೆಂಬ ಚರಿತ್ರಕಾರನು ಹೇಳುತ್ತಾನೆ. ನಮ್ಮ ಹಳ್ಳಿಗಳಲ್ಲಿ ಬಡವನೂ ನೆಂಟನನ್ನು ಊರ ಹೊರಗಿನ ತನಕ ಕಳುಹಿಸಿಬರುತ್ತಾನಷ್ಟೆ.

ಒಬ್ಬರಿಗೊಬ್ಬರು ವೈರಿಗಳಾಗಿದ್ದ ಸುಲ್ತಾನರು ಕಡೆಗೆ ಒಂದಾದರು. 1565ನೆಯ ಜನವರಿಯಲ್ಲಿ ಕೃಷ್ಣಾನದಿಯ ಬಳಿ, ರಕ್ಕಸಗಿ ತಂಗಡಗಿ ಎಂಬ ಊರುಗಳ ಸೀಮೆಯಲ್ಲಿ ಯುದ್ಧವಾಯಿತು. ಮುದುಕನಾಗಿದ್ದ ರಾಮರಾಯನು ಸೆರೆಸಿಕ್ಕನು. ಅಹಮದನಗರದ ಹುಸೇನ ನಿಜಾಮಶಹನು ಅವನ ತಲೆಯನ್ನು ಕಡಿಸಿದನು. ಅದನ್ನು ಕಂಡು ದಂಡೆಲ್ಲವೂ ಓಡಿತು.

ಹಂಪೆಗೆ ಸುತ್ತಲೂ ಕೋಟೆಯಿತ್ತು, ಬೆಟ್ಟಗಳಿದ್ದವು, ಮಗ್ಗುಲಲ್ಲಿ ತುಂಗಭದ್ರೆಯಿದ್ದಳು. ಕಾಯೋಣವೆಂದು ನಿಲ್ಲುವ ಒಡೆಯನಿರಲಿಲ್ಲ. ತಿರುಮಲನು ಸದಾಶಿವನನ್ನೂ ಭಂಡಾರವನ್ನೂ ಆನೆಗಳ ಮೇಲೆ ಹೊರಿಸಿಕೊಂಡು ಪೆನುಗೊಂಡೆಗೆ ಹೋದನು. ನಾಮಮಾತ್ರದ ಅರಸನು ಅಲ್ಲಿಯೂ ನಾಮಮಾತ್ರಕ್ಕೇ ಇದ್ದನು. ಶತ್ರುಗಳು ಬಂದು ತಿಂಗಳುಗಟ್ಟಲೆ ಪಟ್ಟಣವನ್ನು ಸುಲಿದರು. ಎರಡು ವರುಷಗಳಾದ ಮೇಲೆ ಆ ಫೆದೆರಿಚಿಯು ಅಲ್ಲಿ ಏಳು ತಿಂಗಳು ಇದ್ದನು. ಮನೆಗಳು ಇನ್ನೂ ನಿಂತಿದ್ದವು. ಅವುಗಳಲ್ಲಿ ಹುಲಿಗಳೂ ಕಾಡುಮೃಗಗಳೂ ವಾಸವಾಗಿವೆಯೆಂದು ಜನರು ಅವನಿಗೆ ಹೇಳಿದರು.