ನಿಕಾಹ್, ಹೆರಿಗೆ, ಸಾವು: ಆರೋಗ್ಯ ಕಾರ್ಡಿನಲ್ಲಿ ಹೆಸರು ಇದೆಯೇ?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇಂದು ಅಟ್ಟಕ್ಕೆ ಹಾಕಿದ ಕಾಯಿ ನಾಳೆ ಕೊಬ್ಬರಿಯಾಗುವುದಿಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆರೋಗ್ಯ ವಿಮೆಯೂ ಬಹುಮಟ್ಟಿಗೆ ಹಾಗೆಯೇ. ಕಾಯಿಲೆ ಬಂದ ಮೇಲೆ ಓಡಾಡಿದರೆ ಕೆಲವು ಬಾಗಿಲು ತೆರೆಯುತ್ತವೆ, ಕೆಲವು ಮುಂದಿನ ವರ್ಷದವರೆಗೆ ಮುಚ್ಚಿರುತ್ತವೆ.

ದವಾಖಾನೆಗೆ ಬರುವವರಲ್ಲಿ ಪಿತ್ತಕೋಶದ ಕಲ್ಲು, ಹರ್ನಿಯಾ, ಹೆಚ್ಚಿದ ಮೂಲವ್ಯಾಧಿ ಇರುವವರು ಹಲವರು. ಔಷಧಿಯ ಹಂತ ದಾಟಿದ್ದರೆ ಶಸ್ತ್ರಚಿಕಿತ್ಸೆಗೆ ಕಳಿಸಲೇಬೇಕು. ಆಗ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಕಾರ್ಡು. ಸೊಸೆ ತಿಪಟೂರಿಗೆ ಬಂದು ಎರಡು ವರ್ಷವಾಗಿರುತ್ತದೆ, ಹೆಸರು ಇನ್ನೂ ತುರುವೇಕೆರೆಯ ತಂದೆಯ ಪಡಿತರ ಚೀಟಿಯಲ್ಲೇ ಇರುತ್ತದೆ. ಮಗುವಿಗೆ ಮೂರು ವರ್ಷ, ಯಾವ ಚೀಟಿಯಲ್ಲೂ ಹೆಸರಿಲ್ಲ. ಇಂಥ ಕಷ್ಟಕ್ಕೆ ಕಾರಣ ಬಡತನವೊಂದೇ ಅಲ್ಲ. ಮನೆಯಲ್ಲಿ ಆದ ಬದಲಾವಣೆ ಕಾಗದದಲ್ಲಿ ಆಗದೇ ಇರುವುದು.

ಅಮೆರಿಕದಲ್ಲಿ ಸ್ವಂತವಾಗಿ ವಿಮೆ ಕೊಳ್ಳುವವರಿಗೆ ವರ್ಷಕ್ಕೊಮ್ಮೆ ನೋಂದಣಿ ಅವಧಿ ಇರುತ್ತದೆ. ಮದುವೆ, ಹೆರಿಗೆ, ಕೆಲಸ ಹೋಗುವುದು ಮುಂತಾದವು ನಡೆದರೆ ಸಾಮಾನ್ಯವಾಗಿ 60 ದಿನಗಳ ವಿಶೇಷ ಅವಕಾಶ ಸಿಗುತ್ತದೆ. ನಮ್ಮಲ್ಲಿ ಎಲ್ಲದಕ್ಕೂ ಅನ್ವಯಿಸುವ ಅಂಥ ಒಂದೇ ನಿಯಮವಿಲ್ಲ. ಒಂದೊಂದು ಯೋಜನೆಗೆ ಒಂದೊಂದು ಬಾಗಿಲು. ಅವನ್ನು ಒಂದೊಂದಾಗಿ ನೋಡೋಣ.

ವರ್ಷವಿಡೀ ತೆರೆದಿರುವ ಬಾಗಿಲು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆಯುತ್ತಿದೆ. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ನೆರವು ಇದೆ. ಇದಕ್ಕೆ ಕಂತು ಕಟ್ಟಬೇಕಿಲ್ಲ, ನೋಂದಣಿಗೆ ಕೊನೆಯ ದಿನಾಂಕವೂ ಇಲ್ಲ. ಆಧಾರ್ ಮತ್ತು ಪಡಿತರ ಚೀಟಿ ತೆಗೆದುಕೊಂಡು ಗ್ರಾಮ ಒನ್ ಕೇಂದ್ರಕ್ಕೋ ಸರ್ಕಾರಿ ಆಸ್ಪತ್ರೆಗೋ ಹೋಗಿ ಕಾರ್ಡು ಮಾಡಿಸಬಹುದು.

ಆದರೆ ಒಂದು ತೊಡಕಿದೆ. ಈ ಬಾಗಿಲಿನ ಬೀಗದ ಕೈ ಪಡಿತರ ಚೀಟಿ. ಚೀಟಿಯಲ್ಲಿ ಹೆಸರು ಸೇರಿಸುವ, ತೆಗೆಯುವ ಅವಕಾಶವನ್ನು ಆಹಾರ ಇಲಾಖೆ ಎಲ್ಲ ದಿನವೂ ಕೊಡುವುದಿಲ್ಲ. ಕೆಲವು ದಿನ ತೆರೆಯುತ್ತದೆ, ಮತ್ತೆ ನಿಲ್ಲಿಸುತ್ತದೆ. ಆದ್ದರಿಂದ ಕಾಗದ ಸಿದ್ಧವಾಗಿಟ್ಟುಕೊಂಡು ಗ್ರಾಮ ಒನ್‌ನಲ್ಲಿ ಆಗಾಗ ವಿಚಾರಿಸುತ್ತಿರಬೇಕು.

ಕಠಿಣ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಬರೆದುಕೊಡುವ ಶಿಫಾರಸು ಪತ್ರದೊಂದಿಗೆ ಯೋಜನೆಗೆ ಸೇರಿದ ಬೇರೆ ಆಸ್ಪತ್ರೆಗೆ ಹೋಗಬೇಕು. ಮರದಿಂದ ಬಿದ್ದವರು, ಎದೆನೋವು ಬಂದವರು, ಹೀಗೆ ತುರ್ತು ಸ್ಥಿತಿಯಲ್ಲಿರುವವರಿಗೆ ಈ ಪತ್ರ ಬೇಕಿಲ್ಲ. ಕಾರ್ಡು ಹುಡುಕುತ್ತ ಮನೆಯಲ್ಲಿ ಹೊತ್ತು ಕಳೆಯಬೇಡಿ. ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ, ಕಾಗದ ಹಿಂದಿನಿಂದ ಬರಲಿ. ಮಾಹಿತಿಗೆ 104ಕ್ಕೆ ಕರೆ ಮಾಡಬಹುದು.

ವರ್ಷಕ್ಕೊಮ್ಮೆ ತೆರೆಯುವ ಬಾಗಿಲು

ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕದೊಂದಿಗೆ ಸೇರಿಹೋಯಿತು. 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಹಾಲು ಉತ್ಪಾದಕರ ಸಂಘ, ಕೃಷಿ ಪತ್ತಿನ ಸಂಘದಂಥ ಸಹಕಾರ ಸಂಘದ ಸದಸ್ಯರಿಗೆ ಇದು. ಮತ್ತೆ ಆರಂಭವಾದಾಗ ಗ್ರಾಮೀಣ ಭಾಗದಲ್ಲಿ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100 ರೂಪಾಯಿ. ನಗರದವರಿಗೆ 1,000 ಮತ್ತು 200 ರೂಪಾಯಿ ಎಂದು ನಿಗದಿಯಾಯಿತು. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ.

ನಾಲ್ಕು ತೆಂಗಿನ ಸಾಲು, ಎರಡು ಹಸು ಇಟ್ಟುಕೊಂಡು ಡೇರಿಗೆ ಹಾಲು ಹಾಕುವ ಎಪಿಎಲ್ ಕುಟುಂಬಕ್ಕೆ ಇದು ದೊಡ್ಡ ಆಸರೆ, ಏಕೆಂದರೆ ಆರೋಗ್ಯ ಕರ್ನಾಟಕದಲ್ಲಿ ಅವರಿಗೆ ಸಿಗುವುದು ಶೇ. 30 ಮಾತ್ರ. ಆದರೆ ಸರ್ಕಾರ ಹೇಳಿದ ದಿನಾಂಕದೊಳಗೆ ಹಣ ಕಟ್ಟಿ ಹೆಸರು ಬರೆಸಬೇಕು. ನವೀಕರಿಸುವಾಗ ಹಳೆಯ ಪಟ್ಟಿಯನ್ನೇ ನಕಲು ಮಾಡಬೇಡಿ. ಆ ವರ್ಷ ಬಂದ ಸೊಸೆ, ಹುಟ್ಟಿದ ಮಗು ಇದ್ದಾರೆಯೇ ಎಂದು ಒಂದೊಂದೇ ಹೆಸರು ಓದಿ ನೋಡಿ. 100 ರೂಪಾಯಿ ಉಳಿಸಲು ಬಿಟ್ಟ ಹೆಸರಿನವರಿಗೇ ಆ ವರ್ಷ ಆಪರೇಷನ್ ಬೇಕಾಗಬಹುದು.

ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅದು ಅಪಘಾತಕ್ಕೆ ಮಾತ್ರ. ಹೆಂಡತಿ ಮಕ್ಕಳ ಕಾಯಿಲೆಗೆ ಬೇರೆ ವ್ಯವಸ್ಥೆ ಬೇಕೇ ಬೇಕು.

ಯಾವ ಬದಲಾವಣೆಗೆ ಯಾವ ಕೆಲಸ

ನಿಕಾಹ್ ಆದಾಗ: ಹುಡುಗಿಯ ಹೆಸರು ತವರಿನ ಚೀಟಿಯಿಂದ ತೆಗೆದ ಮೇಲಷ್ಟೇ ಗಂಡನ ಮನೆಯ ಚೀಟಿಗೆ ಸೇರುತ್ತದೆ. ಎರಡು ಮನೆಯವರೂ ಸೇರಿ ಮಾಡಬೇಕಾದ ಕೆಲಸವಿದು. ನಿಕಾಹ್‌ನಾಮಾ ಜೋಪಾನ ಮಾಡಿ. ಜಿಲ್ಲಾ ವಕ್ಫ್ ಕಚೇರಿಗಳಿಂದ ವಿವಾಹ ಪ್ರಮಾಣಪತ್ರ ಕೊಡಿಸಲು 2023ರ ಆಗಸ್ಟ್‌ನಲ್ಲಿ ಸರ್ಕಾರ ಹೊರಡಿಸಿದ ಆದೇಶಕ್ಕೆ 2024ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಆದ್ದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ನೋಂದಾಯಿಸಿಕೊಳ್ಳುವುದು ಕ್ಷೇಮ.

ಮಗು ಹುಟ್ಟಿದಾಗ: ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಓಡಾಟ ಹೆಚ್ಚು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಏಳನೆಯ ದಿನ ಅಖೀಖಾ ಮಾಡಿ ಹೆಸರಿಡುತ್ತೇವಲ್ಲ, ಅದೇ ವಾರ ಆ ಹೆಸರನ್ನು ಜನನ ದಾಖಲೆಗೂ ಸೇರಿಸಿ. ಆಸ್ಪತ್ರೆಯಲ್ಲಿ ಹೆಸರಿಲ್ಲದೆ ನೋಂದಣಿಯಾಗಿದ್ದರೆ 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಮಗುವಿನ ಆಧಾರ್, ಆಮೇಲೆ ಪಡಿತರ ಚೀಟಿ. ಎಲ್ಲ ಕಡೆಯೂ ಹೆಸರಿನ ಅಕ್ಷರ ಒಂದೇ ಇರಲಿ. ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಮಹಮದ್ ಎಂದಿದ್ದರೆ ಮುಂದೆ ಕಂಪ್ಯೂಟರ್ ಇಬ್ಬರು ಬೇರೆ ಬೇರೆ ಎನ್ನುತ್ತದೆ.

ಮನೆಯ ಯಜಮಾನರು ತೀರಿಕೊಂಡಾಗ: ಮರಣವನ್ನೂ 21 ದಿನದೊಳಗೆ ನೋಂದಾಯಿಸಬೇಕು. ಪತ್ನಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿರುತ್ತಾರೆ. ಆ ಅವಧಿಯಲ್ಲಿ ಕಚೇರಿಯ ಕೆಲಸವನ್ನು ಮಗನೋ ಮೈದುನನೋ ಮುಗಿಸಿಕೊಡಬೇಕು. ಮೃತರು ಸಹಕಾರ ಸಂಘದ ಸದಸ್ಯರಾಗಿದ್ದರೆ ಆ ಸದಸ್ಯತ್ವ ಯಾರ ಹೆಸರಿಗೆ ಬರುತ್ತದೆ ಎಂದು ಕಾರ್ಯದರ್ಶಿಯನ್ನು ಕೇಳಿ. ಇಲ್ಲದಿದ್ದರೆ ಮುಂದಿನ ಯಶಸ್ವಿನಿ ನೋಂದಣಿ ತಪ್ಪಿಹೋಗುತ್ತದೆ.

ತಲಾಖ್ ಆಗಿ ಮಗಳು ಮನೆಗೆ ಮರಳಿದಾಗ: ಆಕೆಯ ಮತ್ತು ಮಕ್ಕಳ ಹೆಸರು ಹಳೆಯ ಚೀಟಿಯಿಂದ ತೆಗೆದು ತವರಿನ ಚೀಟಿಗೆ ಸೇರಬೇಕು. ಎರಡು ಮನೆಗಳ ಮುನಿಸಿನಲ್ಲಿ ಈ ಕೆಲಸ ನಿಲ್ಲುವುದುಂಟು. ಜಮಾಅತಿನ ಹಿರಿಯರು ಮಧ್ಯೆ ನಿಂತು ಮಾಡಿಸಿಕೊಟ್ಟರೆ ಅದು ದೊಡ್ಡ ಉಪಕಾರ.

ಕೆಲಸ ಸಿಕ್ಕಾಗ, ಬಿಟ್ಟಾಗ: ಬೆಂಗಳೂರಿನ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ನಮ್ಮ ಮಕ್ಕಳಿಗೆ ಇಎಸ್‌ಐ ಇರುತ್ತದೆ. ಸಂಬಳದ ಶೇ. 0.75 ಅವರದು, ಶೇ. 3.25 ಮಾಲೀಕರದು. ಹೆಂಡತಿ, ಮಕ್ಕಳು, ಅವಲಂಬಿತ ತಂದೆ ತಾಯಿಯ ಹೆಸರನ್ನೂ ಸೇರಿಸಬಹುದು. ಕೆಲಸ ಬಿಟ್ಟ ದಿನವೇ ಇಎಸ್‌ಐ ಮುಗಿಯಿತು ಎಂದುಕೊಳ್ಳಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನಿಗದಿತ ದಿನಗಳ ವಂತಿಗೆ ಕಟ್ಟಿದ್ದರೆ ಅದರ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ.

ದೊಡ್ಡ ಕಂಪನಿಗಳು ಕೊಡಿಸುವ ಗುಂಪು ವಿಮೆ ಹಾಗಲ್ಲ. ಕೆಲಸದೊಂದಿಗೇ ಅದು ಮುಗಿಯುತ್ತದೆ. ಮದುವೆ, ಹೆರಿಗೆಯಾದರೆ ಕೆಲವೇ ದಿನದೊಳಗೆ, ಹೆಚ್ಚಿನ ಕಡೆ 30 ದಿನದೊಳಗೆ, ಕಂಪನಿಗೆ ತಿಳಿಸಬೇಕು. ಕೆಲಸ ಬಿಡುವವರು ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಬಿಡುವ ಮೊದಲೇ ಕೇಳಿಕೊಳ್ಳಬೇಕು.

ಗಲ್ಫ್‌ನಿಂದ ಮರಳುವಾಗ: ಅಲ್ಲಿನ ವಿಮೆ ಕೆಲಸ, ವೀಸಾದೊಂದಿಗೆ ಕೊನೆಗೊಳ್ಳುತ್ತದೆ. ಇಲ್ಲಿ ಹೊಸ ಖಾಸಗಿ ಪಾಲಿಸಿ ತೆಗೆದುಕೊಂಡರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆಯದಕ್ಕೆ ಹಣ ಬರುವುದಿಲ್ಲ. ಕಲ್ಲು, ಹರ್ನಿಯಾ, ಮೂಲವ್ಯಾಧಿಗೆ ಸಾಮಾನ್ಯವಾಗಿ ಒಂದೆರಡು ವರ್ಷ ಕಾಯಬೇಕು. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ 2024ರ ನಿಯಮದಂತೆ ಹೆಚ್ಚೆಂದರೆ 36 ತಿಂಗಳು. ಹೀಗಾಗಿ ಬರುವ ಮೊದಲೇ ಯೋಚಿಸಬೇಕು. ಅರ್ಜಿಯಲ್ಲಿ ಕಾಯಿಲೆ ಮುಚ್ಚಿಡಬೇಡಿ. ಸುಳ್ಳು ತಪ್ಪು ಎಂಬುದು ಒಂದು ಮಾತು, ಅದೇ ಕಾರಣಕ್ಕೆ ಹಣ ನಿರಾಕರಿಸಬಹುದು ಎಂಬುದು ಇನ್ನೊಂದು. ವಾರ್ಷಿಕ ಪಾಲಿಸಿಯ ನವೀಕರಣಕ್ಕೆ 30 ದಿನ ಹೆಚ್ಚಿನ ಕಾಲಾವಕಾಶ ಇದೆ. ಅದೂ ದಾಟಿದರೆ ಕಾದ ವರ್ಷಗಳೆಲ್ಲ ವ್ಯರ್ಥ.

ವಿಮೆ ಜಾಯಿಝೇ?

ಈ ಪ್ರಶ್ನೆ ಅನೇಕರ ಮನಸ್ಸಿನಲ್ಲಿದೆ. ನಾನು ಹಕೀಮ, ಮುಫ್ತಿ ಅಲ್ಲ. ತಿಳಿದಿರುವುದಿಷ್ಟು. 1985ರ ಡಿಸೆಂಬರ್‌ನಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ನಿಗದಿತ ಕಂತಿನ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ, ಪರಸ್ಪರ ನೆರವಿನ ಸಹಕಾರಿ ವಿಮೆಯನ್ನು ಬದಲಿ ದಾರಿಯಾಗಿ ಹೇಳಿತು. ಕಂತೇ ಇಲ್ಲದ ಸರ್ಕಾರಿ ಯೋಜನೆಯ ಮಾತು ಬೇರೆ, ಖಾಸಗಿ ಪಾಲಿಸಿಯ ಮಾತು ಬೇರೆ. ಖಾಸಗಿ ಪಾಲಿಸಿಯ ವಿಷಯವನ್ನು ನಿಮ್ಮ ನಂಬಿಕೆಯ ಆಲಿಮರ ಬಳಿ ಕೇಳಿ ತೀರ್ಮಾನಿಸಿ. ಆದರೆ ವಿಮೆಯೆಂದ ಕೂಡಲೇ ಎಲ್ಲವನ್ನೂ ಒಂದೇ ಎಂದು ತಳ್ಳಿ, ಹಕ್ಕಾಗಿ ಸಿಗುವ ಆಯುಷ್ಮಾನ್ ಕಾರ್ಡನ್ನೂ ಮಾಡಿಸದೆ ಕೂರುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿಯೇ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬುದು ನಮಗೆ ಕಲಿಸಿದ ಪಾಠ.

ಯೂನಾನಿ ವೈದ್ಯದಲ್ಲಿ ಹಿಫ್ಜಾನೆ ಸೇಹತ್, ಅಂದರೆ ಆರೋಗ್ಯವನ್ನು ಕಾಯ್ದುಕೊಳ್ಳುವುದು, ಚಿಕಿತ್ಸೆಗಿಂತ ಮುಂಚಿನ ಪಾಠ. ಊಟ, ನಿದ್ದೆ, ಗಾಳಿ, ನಡಿಗೆಯ ಜೊತೆಗೆ ಇಂದಿನ ಕಾಲದಲ್ಲಿ ಈ ಕಾಗದವನ್ನೂ ಅದರೊಳಗೆ ಸೇರಿಸಿಕೊಳ್ಳಬೇಕು.

ಮನೆಯಲ್ಲಿ ಮಾಡಬೇಕಾದ ಕೆಲಸ

1. ರಂಜಾನ್‌ನಲ್ಲಿ ಝಕಾತ್ ಲೆಕ್ಕ ಹಾಕುವ ದಿನವೇ ಪಡಿತರ ಚೀಟಿ, ಆಧಾರ್, ಆಯುಷ್ಮಾನ್ ಕಾರ್ಡು ಹೊರತೆಗೆದು ಮನೆಯಲ್ಲಿರುವ ಪ್ರತಿಯೊಬ್ಬರ ಹೆಸರು ಇದೆಯೇ ನೋಡಿ.

2. ಜನನ, ಮರಣ, ಮದುವೆಯ ಪ್ರಮಾಣಪತ್ರಗಳನ್ನು ಒಂದೇ ಚೀಲದಲ್ಲಿಡಿ. ನಕಲು ಪ್ರತಿ ಬೇರೆ ಇರಲಿ.

3. ಯಶಸ್ವಿನಿಯ ಈ ವರ್ಷದ ದಿನಾಂಕವನ್ನು ಡೇರಿ ಕಾರ್ಯದರ್ಶಿಯಿಂದ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

4. ಮಸೀದಿ ಕಮಿಟಿಯವರು ನಿಕಾಹ್ ರಿಜಿಸ್ಟರಿಗೆ ಸಹಿ ಹಾಕಿಸಿದ ದಿನವೇ ವಧೂವರರ ಮನೆಯವರಿಗೆ ಚೀಟಿ ಬದಲಾಯಿಸುವ ವಿಷಯ ತಿಳಿಸಲಿ. ಓದು ಬಲ್ಲ ಇಬ್ಬರು ಯುವಕರು ತಿಂಗಳಿಗೊಂದು ಶುಕ್ರವಾರ ಜುಮಾ ಬಳಿಕ ಕುಳಿತು ಅರ್ಜಿಗೆ ನೆರವಾದರೆ ಒಂದು ವರ್ಷದಲ್ಲಿ ಮೊಹಲ್ಲಾದ ಎಲ್ಲ ಮನೆಗಳ ಕಾರ್ಡು ಸರಿಯಾಗುತ್ತದೆ.